ಮುಂಬಯಿ ಸೆಕೆಗೆ ನಾರ್ವೆಯ ಹೆಪ್ಪು

ಮುಲುಂಡಿನ ಓದುಗರೊಬ್ಬರು ಬರೆದಿದ್ದಾರೆ: “ನಮ್ಮದು ಒಂದು ಬೆಡ್‌ರೂಮಿನ ಫ್ಲ್ಯಾಟು. ಮಗ ಅಡುಗೆಮನೆಯಲ್ಲೇ ಬಿಯರ್ ಮಾಡುತ್ತೇನೆ ಅಂತಾನೆ. ಮಾಲ್ವಣಿಯಲ್ಲಿ ಆದ ಹಾಗೆ ವಿಷವಾಗಿಬಿಟ್ಟರೆ?”

ತಾಯಿಯ ಭಯ ಸಹಜವೇ. 2015ರ ಜೂನ್‌ನಲ್ಲಿ ಮಾಲಾಡಿನ ಮಾಲ್ವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಆದರೆ ಅವರನ್ನು ಕೊಂದದ್ದು ಹುದುಗಲ್ಲ, ಕಾರ್ಖಾನೆಗಳಲ್ಲಿ ಬಳಸುವ ಮೆಥನಾಲ್. ಬಾರ್ಲಿ ಮಾಲ್ಟಿನ ಕಷಾಯ ಹುದುಗಿದಾಗ ಹುಟ್ಟುವುದು ಎಥನಾಲ್, ಮೆಥನಾಲ್ ಲೆಕ್ಕಕ್ಕಿಲ್ಲದಷ್ಟು. ‘ಮನೆಯಲ್ಲಿ ಹುದುಗಿಸಿದ್ದೆಲ್ಲ ವಿಷ’ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಹಾಗೆ ಅಂದಷ್ಟೂ ಮೆಥನಾಲ್ ಬೆರೆಸುವವರ ಮೇಲಿನ ಕಣ್ಣು ತಪ್ಪುತ್ತದೆ.

ಮುಂಬಯಿಯ ನಿಜವಾದ ತೊಡಕು ಸೆಕೆ. ಮೇ ತಿಂಗಳಲ್ಲಿ ರಾತ್ರಿ ಹತ್ತಕ್ಕೆ ರುಬ್ಬಿಟ್ಟ ಇಡ್ಲಿ ಹಿಟ್ಟು ನಮ್ಮ ಮನೆಯಲ್ಲಿ ಬೆಳಗಿನ ಜಾವಕ್ಕೇ ಮುಚ್ಚಳ ಎತ್ತಿ ಕಟ್ಟೆಯ ಮೇಲೆ ಇಳಿದಿರುತ್ತದೆ. ಅದನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ; ಅದಕ್ಕೆ ಈ ಸೆಕೆ ಹಬ್ಬ. ಬಿಯರಿನ ಸಾಮಾನ್ಯ ಏಲ್ ಯೀಸ್ಟಿಗೆ ಬೇಕಾದದ್ದು 18ರಿಂದ 22 ಡಿಗ್ರಿ ಸೆಲ್ಸಿಯಸ್. 32 ಡಿಗ್ರಿಯ ಅಡುಗೆಮನೆಯಲ್ಲಿ ಅದು ಅವಸರಕ್ಕೆ ಬಿದ್ದು, ನೇಲ್ ಪಾಲಿಷ್ ವಾಸನೆಯ ಎಸ್ಟರುಗಳನ್ನೂ ಗಂಟಲು ಸುಡುವ ಭಾರದ ಆಲ್ಕೊಹಾಲುಗಳನ್ನೂ ಕಕ್ಕುತ್ತದೆ. ಹುದುಗುವಾಗ ಕಷಾಯವೇ ಬಿಸಿಯೇರುವುದರಿಂದ ಪಾತ್ರೆಯ ಒಳಗಿನ ತಾಪ ಇನ್ನೂ ಎರಡು ಮೂರು ಡಿಗ್ರಿ ಹೆಚ್ಚು.

ಈ ಸೆಕೆಗೆ ಒಗ್ಗುವ ಯೀಸ್ಟ್ ಸಿಕ್ಕಿರುವುದು ಎಲ್ಲಿ ಗೊತ್ತೆ? ಹಿಮ ಬೀಳುವ ನಾರ್ವೆಯಲ್ಲಿ! ಅಲ್ಲಿನ ಪಶ್ಚಿಮ ಭಾಗದ ರೈತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಈ ಯೀಸ್ಟಿನ ಹೆಸರು ಕ್ವೈಕ್. ಅವರು ಕಷಾಯ ಪೂರ್ತಿ ಆರುವವರೆಗೆ ಕಾಯದೆ, ಮೈಬಿಸಿಯಷ್ಟಿರುವಾಗಲೇ ಯೀಸ್ಟ್ ಹಾಕಿಬಿಡುತ್ತಿದ್ದರು. ಆ ಬಿಸಿ ತಾಳಿದ್ದು ಮಾತ್ರ ಮುಂದಿನ ಸಲಕ್ಕೆ ಉಳಿಯುತ್ತಿತ್ತು. ಹೀಗೆ ಉಳಿದ ಯೀಸ್ಟ್ 40 ಡಿಗ್ರಿ ಹತ್ತಿರದಲ್ಲೂ ಕೆಟ್ಟ ವಾಸನೆಯಿಲ್ಲದೆ, ಎರಡು ಮೂರು ದಿನದಲ್ಲಿ ಕೆಲಸ ಮುಗಿಸುತ್ತದೆ. ಮರದ ತುಣುಕುಗಳನ್ನು ಪೋಣಿಸಿದ ಬಳೆಯಂಥ ಸರವನ್ನು ಪಾತ್ರೆಯ ತಳದ ಗಸಿಯಲ್ಲಿ ಅದ್ದಿ, ಒಣಗಿಸಿ ತೂಗುಹಾಕುತ್ತಿದ್ದರು. ಮುಂದಿನ ಸಲ ಅದನ್ನೇ ಹೊಸ ಕಷಾಯಕ್ಕೆ ಇಳಿಬಿಟ್ಟರೆ ಯೀಸ್ಟ್ ಮತ್ತೆ ಜೀವ ಹಿಡಿಯುತ್ತಿತ್ತು. ಕೆಟ್ಟುಹೋದರೆ ಪಕ್ಕದ ಮನೆಯಿಂದ ತರುತ್ತಿದ್ದರು, ನಾವು ಮೊಸರಿಗೆ ಹೆಪ್ಪು ತರುವ ಹಾಗೆ. 2018ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಇವು ಬಿಯರ್ ಯೀಸ್ಟುಗಳಲ್ಲೇ ಬೇರೊಂದು ಬಳಗ ಎಂದು ತೋರಿಸಿತು. ಗುಣ ನೋಡಿ ಉಳಿಸಿಕೊಳ್ಳುವ ಈ ಕೆಲಸವನ್ನು ಸೂಕ್ಷ್ಮದರ್ಶಕವನ್ನೇ ಕಾಣದ ರೈತರು ಮಾಡಿದ್ದರು ಎನ್ನುವುದು ನನಗೆ ಇಂದಿಗೂ ರೋಮಾಂಚನ.

ಆದರೂ ಅಮ್ಮಾ, ಮಗನನ್ನು ತಡೆಯಿರಿ. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಅವನ ಕುತೂಹಲಕ್ಕೆ ಬೇರೆ ದಾರಿಯಿದೆ. ಬೇಕರಿ ಯೀಸ್ಟ್ ಕೂಡ ಏಲ್ ಯೀಸ್ಟ್, ಕ್ವೈಕ್‌ಗಳ ಜಾತಿಯದೇ. ಬಾಟಲಿಯಲ್ಲಿ ಉಗುರುಬೆಚ್ಚನೆಯ ನೀರು, ಎರಡು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ, ಬಾಯಿಗೆ ಬಲೂನು ಸಿಕ್ಕಿಸಿ ಕಿಟಕಿಯಲ್ಲಿಡಲಿ. ಬಲೂನು ತಲೆಯೆತ್ತಲು ಎಷ್ಟು ನಿಮಿಷ ಹಿಡಿಯಿತು ಎಂದು ನನಗೆ ಬರೆದು ತಿಳಿಸಲಿ.