ಮೆಣಸಿನಕಾಯಿ ಗಿಡದ ಎಲೆ ಮುಟುರು ರೋಗ

ಎಲೆ ಮುಟುರು ರೋಗವು ಮೆಣಸಿನಕಾಯಿ ಗಿಡದ ಎಲೆಗಳು ಸುರುಳಿಗೊಂಡು ಕಿರಿದಾಗುವ, ಗಿಡದ ಬೆಳವಣಿಗೆ ಕುಂಠಿತವಾಗುವ ಒಂದು ತೊಂದರೆಯಾಗಿದೆ. ಇದನ್ನು ಮುರುಟು ರೋಗ, ಎಲೆ ಮುದುಡು ರೋಗ ಎಂದೂ ಕರೆಯುತ್ತಾರೆ. ಹೊಲದ ಬೆಳೆಯಲ್ಲಿರುವಂತೆಯೇ ಹಿತ್ತಲಿನ ಹಾಗೂ ತಾರಸಿಯ ಕುಂಡದ ಗಿಡಗಳಲ್ಲಿಯೂ ಇದು ಸಾಮಾನ್ಯ. ಹೆಸರು ಒಂದೇ ಆದರೂ ಇದಕ್ಕೆ ಮುಖ್ಯ ಕಾರಣಗಳು ಮೂರು: ಥ್ರಿಪ್ಸ್ ನುಸಿ, ಮೈಟ್ ನುಸಿ ಮತ್ತು ಬಿಳಿ ನೊಣದ ಮೂಲಕ ಹರಡುವ ವೈರಾಣು. ಮೊದಲಿನ ಎರಡು ಕಾರಣಗಳಿಂದ ಪೀಡಿತವಾದ ಗಿಡ ಚೇತರಿಸಿಕೊಳ್ಳಬಲ್ಲದು. ವೈರಾಣು ತಗುಲಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ. ಆದ್ದರಿಂದ ಚಿಕಿತ್ಸೆಗೆ ಮೊದಲು ಕಾರಣವನ್ನು ಗುರುತಿಸುವುದು ಅವಶ್ಯಕ.

ಕಾರಣಗಳು ಮತ್ತು ಲಕ್ಷಣಗಳು

ಥ್ರಿಪ್ಸ್ ನುಸಿ: ಸಿರ್ಟೋತ್ರಿಪ್ಸ್ ಡಾರ್ಸಾಲಿಸ್ ಎಂಬ ಈ ಕೀಟವು ಸುಮಾರು 1 ಮಿ.ಮೀ. ಉದ್ದವಿದ್ದು, ಎಳೆಯ ಎಲೆಗಳನ್ನು ಕೆರೆದು ರಸ ಹೀರುತ್ತದೆ. ಎಲೆಯ ಅಂಚುಗಳು ಮೇಲ್ಮುಖವಾಗಿ ಮಡಚಿಕೊಂಡು ಎಲೆ ದೋಣಿಯಾಕಾರ ತಾಳುತ್ತದೆ. ಎಲೆಯ ತಳಭಾಗದಲ್ಲಿ ಬೆಳ್ಳಿ ಅಥವಾ ಕಂದು ಬಣ್ಣದ ಗೀರುಗಳು ಕಾಣುತ್ತವೆ. ಒಣ ಹವೆಯಲ್ಲಿ ಇದರ ಬಾಧೆ ಹೆಚ್ಚು.

ಮೈಟ್ ನುಸಿ: ಪಾಲಿಫಾಗೋಟಾರ್ಸೋನೆಮಸ್ ಲೇಟಸ್ ಎಂಬ ಈ ಜೀವಿಯು ಕೀಟವಲ್ಲ, ಜೇಡ, ಉಣ್ಣೆಗಳ ವರ್ಗಕ್ಕೆ ಸೇರಿದ್ದು. ಸುಮಾರು 0.2 ಮಿ.ಮೀ. ಗಾತ್ರದ್ದಾದ್ದರಿಂದ ಬರಿಗಣ್ಣಿಗೆ ಕಾಣುವುದು ಕಷ್ಟ. ಎಲೆಯ ಅಂಚುಗಳು ಕೆಳಮುಖವಾಗಿ ಬಾಗಿ, ಎಲೆ ಮಗುಚಿದ ದೋಣಿಯಂತಾಗುತ್ತದೆ. ಎಲೆಯ ತೊಟ್ಟು ಉದ್ದವಾಗುವುದು ಇದರ ಇನ್ನೊಂದು ಗುರುತು. ಬೆಚ್ಚಗಿನ, ತೇವಾಂಶವುಳ್ಳ ಹವೆ ಇದಕ್ಕೆ ಅನುಕೂಲಕರ.

ವೈರಾಣು: ಬೆಗೊಮೊವೈರಸ್ ಗುಂಪಿನ ವೈರಾಣುಗಳನ್ನು ಬೆಮಿಸಿಯಾ ಟಬಾಸಿ ಎಂಬ ಬಿಳಿ ನೊಣವು ಗಿಡದಿಂದ ಗಿಡಕ್ಕೆ ಸಾಗಿಸುತ್ತದೆ. ಎಲೆಗಳು ಸಣ್ಣದಾಗಿ ಸುರುಳಿಗೊಂಡು, ನರಗಳು ದಪ್ಪಗಾಗಿ, ನರಗಳ ನಡುವಿನ ಭಾಗ ಹಳದಿಯಾಗುತ್ತದೆ. ಗೆಣ್ಣುಗಳ ಅಂತರ ಕಡಿಮೆಯಾಗಿ ಗಿಡ ಗಿಡ್ಡಗೆ, ಪೊದೆಯಂತೆ ಉಳಿಯುತ್ತದೆ. ಹೂವುಗಳು ಉದುರುತ್ತವೆ, ಕಾಯಿ ಕಚ್ಚಿದರೂ ಸಣ್ಣದಾಗಿ ವಿಕಾರಗೊಳ್ಳುತ್ತದೆ.

ರೋಗನಿರ್ಣಯ

ಎಲೆಯು ಯಾವ ದಿಕ್ಕಿಗೆ ಮುದುಡಿದೆ ಎಂಬುದು ಮೊದಲ ಸುಳಿವು. ಬಳಿಕ ಗಿಡದ ಕುಡಿಯನ್ನು ಬಿಳಿ ಕಾಗದದ ಮೇಲೆ ಮೆಲ್ಲಗೆ ಕೊಡವಬೇಕು. ಹಳದಿ ಅಥವಾ ಕಂದು ಬಣ್ಣದ ಸಣ್ಣ ಕಡ್ಡಿಗಳಂತಹ ಹುಳುಗಳು ಹರಿದಾಡಿದರೆ ಅವು ಥ್ರಿಪ್ಸ್. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಿಂದ ಎಳೆಯ ಎಲೆಯ ತಳಭಾಗವನ್ನು ನೋಡಿದಾಗ ಪಾರದರ್ಶಕ ಚುಕ್ಕೆಗಳು ಚಲಿಸಿದರೆ ಅವು ಮೈಟ್. ಗಿಡವನ್ನು ಅಲುಗಿಸಿದಾಗ ಬಿಳಿ ನೊಣಗಳು ಹಾರಿದರೆ ವೈರಾಣುವಿನ ಸಾಧ್ಯತೆಯನ್ನು ಪರಿಗಣಿಸಬೇಕು. ಒಂದೇ ಗಿಡದಲ್ಲಿ ಎರಡು ಅಥವಾ ಮೂರು ಕಾರಣಗಳೂ ಒಟ್ಟಿಗೆ ಇರಬಹುದು.

ಎಲ್ಲ ಎಲೆ ವಿಕಾರವೂ ಮುಟುರು ರೋಗವಲ್ಲ. ಎಲೆಯ ತಳದಲ್ಲಿ ಬಿಳಿ ಪುಡಿ ಇದ್ದರೆ ಅದು ಬೂದಿ ರೋಗ. ನಡುವೆ ಬೂದು ಬಣ್ಣವಿರುವ ದುಂಡನೆಯ ಕಲೆಗಳು ಶಿಲೀಂಧ್ರದಿಂದಾಗುವ ಎಲೆ ಚುಕ್ಕೆ ರೋಗದ ಲಕ್ಷಣ. ಮಧ್ಯಾಹ್ನ ಬಾಡಿ ಸಂಜೆ ಸರಿಹೋಗುವ ಎಲೆಗಳಿಗೆ ಬಿಸಿಲಿನ ತಾಪವೇ ಕಾರಣವಿರಬಹುದು.

ನಿರ್ವಹಣೆ

ನುಸಿಗಳ ಬಾಧೆ ಆರಂಭದಲ್ಲಿಯೇ ತಿಳಿದರೆ ಮುದುಡಿದ ಕುಡಿಗಳನ್ನು ಚಿವುಟಿ ನಾಶಪಡಿಸಬೇಕು. ಒಂದು ಲೀಟರ್ ನೀರಿಗೆ 3ರಿಂದ 5 ಮಿ.ಲೀ. ಬೇವಿನ ಎಣ್ಣೆ ಹಾಗೂ ಸ್ವಲ್ಪ ಸಾಬೂನು ದ್ರಾವಣ ಬೆರೆಸಿ, ಸಂಜೆಯ ವೇಳೆ ಎಲೆಗಳ ತಳಭಾಗ ನೆನೆಯುವಂತೆ ಸಿಂಪಡಿಸಿ, ವಾರದ ಬಳಿಕ ಪುನರಾವರ್ತಿಸುವುದು ರೂಢಿ. ಮೈಟ್ ನುಸಿ ಖಚಿತವಾದಲ್ಲಿ ನೀರಿನಲ್ಲಿ ಬೆರೆಯುವ ಗಂಧಕದ ಪುಡಿಯನ್ನು ಲೀಟರಿಗೆ 2ರಿಂದ 3 ಗ್ರಾಂ ಪ್ರಮಾಣದಲ್ಲಿ ಬಳಸಬಹುದು. ಆದರೆ ಕಡುಬಿಸಿಲಿನಲ್ಲಿಯೂ ಎಣ್ಣೆ ಸಿಂಪಡಿಸಿದ ಎರಡು ವಾರಗಳೊಳಗೂ ಗಂಧಕ ಬಳಸಿದರೆ ಎಲೆಗಳು ಸುಡುವ ಸಂಭವವಿದೆ.

ಕಾರಣ ತಿಳಿಯದೆ ಕೀಟನಾಶಕ ಸಿಂಪಡಿಸುವುದು ಹಾನಿಕರ. ಕೀಟಗಳಿಗೆಂದು ತಯಾರಿಸಿದ ಅನೇಕ ಔಷಧಗಳು ಮೈಟ್ ನುಸಿಯನ್ನು ಕೊಲ್ಲುವುದಿಲ್ಲ. ಅದನ್ನು ತಿನ್ನುವ ಉಪಕಾರಿ ಜೀವಿಗಳನ್ನು ಕೊಲ್ಲುವುದರಿಂದ ಬಾಧೆ ಉಲ್ಬಣಿಸುತ್ತದೆ. ಮನೆಯ ಅಡುಗೆಗೆ ಆಗಾಗ ಕಾಯಿ ಕೀಳುವ ಗಿಡವಾದ್ದರಿಂದ ವಿಷದ ಅಂಶ ಆಹಾರದಲ್ಲಿ ಸೇರುವ ಅಪಾಯವೂ ಇದೆ.

ವೈರಾಣು ಪೀಡಿತ ಗಿಡವನ್ನು ಬೇರುಸಹಿತ ಕಿತ್ತು ನಾಶಪಡಿಸುವುದೇ ಉಳಿದ ಗಿಡಗಳ ರಕ್ಷಣೆಗೆ ಮಾರ್ಗ. ಅದನ್ನು ಉಳಿಸಿಕೊಂಡರೆ ಬಿಳಿ ನೊಣಗಳು ಅದರಿಂದ ರೋಗವನ್ನು ಪಕ್ಕದ ಗಿಡಗಳಿಗೆ ಒಯ್ಯುತ್ತವೆ.

ಮುನ್ನೆಚ್ಚರಿಕೆ

ಸಸಿಗಳನ್ನು ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ ಬೆಳೆಸುವುದು, ಬಿಳಿ ನೊಣಕ್ಕೆ ಹಳದಿ ಹಾಗೂ ಥ್ರಿಪ್ಸ್‌ಗೆ ನೀಲಿ ಬಣ್ಣದ ಅಂಟುಹಾಳೆಗಳನ್ನು ತೂಗುಹಾಕುವುದು, ಸುತ್ತಲಿನ ಕಳೆಗಳನ್ನು ತೆಗೆಯುವುದು ಪರಿಣಾಮಕಾರಿ ಕ್ರಮಗಳು. ಸಾರಜನಕ ಗೊಬ್ಬರ ಅತಿಯಾದರೆ ಮೆದುವಾದ ಚಿಗುರು ಹೆಚ್ಚಿ ರಸಹೀರುವ ಕೀಟಗಳನ್ನು ಆಕರ್ಷಿಸುತ್ತದೆ. ಹೊಸದಾಗಿ ತಂದ ಸಸಿಯನ್ನು ಕೆಲವು ದಿನ ಪ್ರತ್ಯೇಕವಾಗಿರಿಸಿ ಪರೀಕ್ಷಿಸಿದ ನಂತರವೇ ಇತರ ಗಿಡಗಳ ಬಳಿ ಇಡುವುದು ಸೂಕ್ತ.

ಒಮ್ಮೆ ಮುದುಡಿದ ಎಲೆ ಮತ್ತೆ ನೇರವಾಗುವುದಿಲ್ಲ. ಚಿಕಿತ್ಸೆ ಫಲಿಸಿದೆಯೇ ಎಂಬುದನ್ನು ಹಳೆಯ ಎಲೆಗಳಿಂದಲ್ಲ, ಹೊಸ ಚಿಗುರಿನಿಂದ ತಿಳಿಯಬೇಕು.