ತೂಕಕ್ಕೆ ತಕ್ಕ ಡೈ

ಚಾಮರಾಜನಗರದ ಹತ್ತಿರದ ಹರದನಹಳ್ಳಿಯ ಇಬ್ಬರಿಗೆ ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಬೇಕಿದೆ ಎಂದುಕೊಳ್ಳಿ. ಒಬ್ಬರು ಕೂಲಿಗೆ ಹೋಗುವ, 45 ಕಿಲೊ ತೂಗುವ ಹೆಂಗಸು. ಇನ್ನೊಬ್ಬರು ಅಂಗಡಿಯ ಗಲ್ಲಾದಲ್ಲಿ ಕೂರುವ, 90 ಕಿಲೊ ತೂಗುವ ಯಜಮಾನರು. ‘ಡೈ ಹಾಕಿ ಸ್ಕ್ಯಾನ್ ಮಾಡಿ’ ಎಂದು ಇಬ್ಬರ ಚೀಟಿಯಲ್ಲೂ ಬರೆದಿದೆ. ಇಬ್ಬರಿಗೂ ಅದೇ 100 ಮಿಲಿಲೀಟರ್ ಸಾಕೇ? ಚಾಮರಾಜನಗರಕ್ಕೆ 2016ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದ ಮೇಲೆ ಈ ಪ್ರಶ್ನೆ ಊರಿನ ಹತ್ತಿರಕ್ಕೇ ಬಂದಿದೆ.

ಡೈ ಎಂದರೂ ಅದರಲ್ಲಿ ಬಣ್ಣವಿಲ್ಲ. ನೀರಿನಂತೆ ತಿಳಿಯಾದ ದ್ರವ. ಕೆಲಸ ಮಾಡುವುದು ಅದರೊಳಗಿನ ಅಯೋಡಿನ್. ಅದರ ಪರಮಾಣು ಸಂಖ್ಯೆ 53. ನಮ್ಮ ಮಾಂಸ, ರಕ್ತಗಳಲ್ಲಿರುವ ಕಾರ್ಬನ್, ಆಕ್ಸಿಜನ್‌ಗಳಿಗಿಂತ ಅದು ಎಕ್ಸ್-ರೇಯನ್ನು ಬಹಳ ಹೆಚ್ಚು ಹೀರುತ್ತದೆ. ಹಾಗಾಗಿ ಅಯೋಡಿನ್ ಬೆರೆತ ರಕ್ತ ಹರಿದ ಕಡೆ ಚಿತ್ರ ಬೆಳ್ಳಗಾಗುತ್ತದೆ. ಸಿಟಿ ಯಂತ್ರ ಕಂಡುಹಿಡಿದು 1979ರ ನೊಬೆಲ್ ಹಂಚಿಕೊಂಡ ಹೌನ್ಸ್‌ಫೀಲ್ಡ್ ಹೆಸರಿನ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000. ಲಿವರಿನ ಗಡ್ಡೆ ಎದ್ದು ಕಾಣಬೇಕಾದರೆ ಡೈಯಿಂದ ಲಿವರ್ ಸುಮಾರು 50 ಅಂಕ ಮೇಲೇರಬೇಕು. ಅದಕ್ಕೆ ದೇಹದ ಪ್ರತಿ ಕಿಲೊಗೆ ಸುಮಾರು 500 ಮಿಲಿಗ್ರಾಂ ಅಯೋಡಿನ್ ಬೇಕು.

ಲೆಕ್ಕ ಹಾಕೋಣ. ಮಿಲಿಲೀಟರಿಗೆ 300 ಮಿಲಿಗ್ರಾಂ ಅಯೋಡಿನ್ ಇರುವ ಡೈ 100 ಮಿಲಿಲೀಟರ್ ಕೊಟ್ಟರೆ ಒಟ್ಟು 30 ಗ್ರಾಂ. ಆಕೆಗೆ ಅದು ಕಿಲೊಗೆ 667 ಮಿಲಿಗ್ರಾಂ, ಅವರಿಗೆ ಬರೀ 333. ಒಂದೇ ಹಿಡಿ ಅರಿಶಿನವನ್ನು ಚೊಂಬಿನ ನೀರಿಗೂ ಬಿಂದಿಗೆ ನೀರಿಗೂ ಕದಡಿದ ಹಾಗೆ. ತೂಕದ ಪ್ರಕಾರವಾದರೆ ಆಕೆಗೆ 75 ಮಿಲಿಲೀಟರ್ ಸಾಕು, ಅವರಿಗೆ 150 ಬೇಕು. ಎರಡನ್ನೂ 30 ಸೆಕೆಂಡಿನಲ್ಲೇ ಮುಗಿಸಿದರೆ ಡೈ ಲಿವರಿಗೆ ತಲುಪುವ ಹೊತ್ತು ಇಬ್ಬರಲ್ಲೂ ಹತ್ತಿರಹತ್ತಿರ ಇರುತ್ತದೆ. ಇಂಜೆಕ್ಟರ್ ಪಂಪು ಆಕೆಗೆ ಸೆಕೆಂಡಿಗೆ 2.5 ಮಿಲಿಲೀಟರ್, ಅವರಿಗೆ 5 ಮಿಲಿಲೀಟರ್ ತಳ್ಳುತ್ತದೆ.

ಆದರೆ 150 ಎಂಬುದೂ ಕಣ್ಣುಮುಚ್ಚಿ ಒಪ್ಪುವ ಲೆಕ್ಕವಲ್ಲ. ಕೊಬ್ಬಿಗೆ ರಕ್ತದ ಹರಿವು ಕಡಿಮೆ. ಡೈ ಹಂಚಿಹೋಗುವುದು ಮುಖ್ಯವಾಗಿ ಉಳಿದ ಮೈಗೆ. ಆದ್ದರಿಂದ ಕೊಬ್ಬು ಕಳೆದ ತೂಕದ ಮೇಲೆ ಡೈ ಅಳೆಯುವ ಪದ್ಧತಿಯಿದೆ. ಎತ್ತರ, ತೂಕ, ಲಿಂಗ ಹಾಕಿದರೆ ಸೂತ್ರ ಅದನ್ನು ಅಂದಾಜಿಸುತ್ತದೆ. ಭಾರತೀಯರ ಮೈ ಈ ಅಂದಾಜಿಗೂ ಸುಲಭವಾಗಿ ಸಿಗುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ತಮ್ಮನ್ನೂ ಬ್ರಿಟನ್ನಿನ ಜಾನ್ ಯುಡ್ಕಿನ್ ಅವರನ್ನೂ ಹೋಲಿಸಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22.3, ಆದರೆ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ತೆಳ್ಳಗೆ ಕಂಡವರೆಲ್ಲ ಕೊಬ್ಬಿಲ್ಲದವರಲ್ಲ.

ಯಂತ್ರದ ಕಡೆಯಿಂದಲೂ ಡೈ ಉಳಿಸಬಹುದು. ಅಯೋಡಿನ್ 33 ಕಿಲೊ ಎಲೆಕ್ಟ್ರಾನ್ ವೋಲ್ಟ್ ದಾಟಿದೊಡನೆ ಎಕ್ಸ್-ರೇಯನ್ನು ಬಲವಾಗಿ ಹೀರುತ್ತದೆ. ಎಕ್ಸ್-ರೇ ಟ್ಯೂಬಿನ ವೋಲ್ಟೇಜನ್ನು 120ರಿಂದ 100 ಅಥವಾ 80 ಕಿಲೊವೋಲ್ಟಿಗೆ ಇಳಿಸಿದರೆ ಕಿರಣಗಳು ಆ ಶಕ್ತಿಗೆ ಸಮೀಪವಾಗಿ, ಕಡಿಮೆ ಡೈ ಇದ್ದರೂ ಚಿತ್ರ ಬೆಳಗುತ್ತದೆ. ದಪ್ಪ ಮೈಯನ್ನು ಇಂಥ ಮೆದು ಕಿರಣ ದಾಟಲಾರದು, ಚಿತ್ರ ಕಾಳುಕಾಳಾಗುತ್ತದೆ. ಹಾಗಾಗಿ ಈ ಉಪಾಯದ ಲಾಭ ಹೆಚ್ಚಾಗಿ ಸಣ್ಣ ಮೈಯವರಿಗೆ.

ಮಿಗಿಲಾದ ಡೈಯಿಂದ ಚಿತ್ರಕ್ಕೆ ಲಾಭವಿಲ್ಲ, ಅದನ್ನು ಹೊರಹಾಕುವ ಹೊರೆ ಮಾತ್ರ ಮೂತ್ರಪಿಂಡದ್ದು. ಆ 30 ಗ್ರಾಂ ಅಯೋಡಿನ್ ಎಂದರೆ ವಯಸ್ಕರಿಗೆ ದಿನಕ್ಕೆ ಬೇಕಾದ 150 ಮೈಕ್ರೋಗ್ರಾಂನ ಎರಡು ಲಕ್ಷ ಪಟ್ಟು! ಅದು ಅಣುವಿನಲ್ಲಿ ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ಬಹುಪಾಲು ಮೂತ್ರದಲ್ಲೇ ಹೋಗುತ್ತದೆ. ಅದಕ್ಕೇ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಕೇಳುವುದು. ಥೈರಾಯ್ಡ್ ತೊಂದರೆ, ಹಿಂದೆ ಡೈಯಿಂದಾದ ಅಲರ್ಜಿ, ಸಕ್ಕರೆ ಕಾಯಿಲೆಗೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಇವನ್ನೂ ಮೊದಲೇ ಹೇಳಬೇಕು.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಸ್ಕ್ಯಾನ್ ಕೋಣೆಯ ಅತಿ ಅಗ್ಗದ ಸಲಕರಣೆಗಳ ಮೇಲೆ: ತೂಕದ ಯಂತ್ರ, ಎತ್ತರ ಅಳೆಯುವ ಪಟ್ಟಿ. ತೂಕ ಕೇಳಿದಾಗ ‘ಐವತ್ತೋ ಅರವತ್ತೋ ಇರಬೇಕು’ ಎನ್ನಬೇಡಿ; ಹತ್ತಿ ನಿಂತು ನೋಡಿ ಹೇಳಿ.