ಎರಡನೇ ಜೊತೆ ಸಮವಸ್ತ್ರ

ಪಾಂಡವಪುರ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ನಡಾವಳಿ ಪುಸ್ತಕ ಈಚೆಗೆ ನನ್ನ ಕೈಗೆ ಬಂತು. ನೀಲಿ ರಟ್ಟು, ಅಂಚನ್ನು ಗೆದ್ದಲು ತಿಂದಿದೆ. ಮೂರು ವರ್ಷದ ಸಭೆಗಳಲ್ಲೂ ಒಂದೇ ಸಾಲು: ‘ಗಣಿತಕ್ಕೆ ಮೇಷ್ಟ್ರಿಲ್ಲ, ಮೇಲಧಿಕಾರಿಗಳ ಗಮನಕ್ಕೆ ತರುವುದು.’ ಕೆಳಗೆ ತಾಯಂದಿರ ಸಹಿ, ನಡುವೆ ಎರಡು ಹೆಬ್ಬೆಟ್ಟು. ಗಮನಕ್ಕೆ ತಂದ ಪತ್ರದ ನಕಲು ಒಂದೂ ಇಲ್ಲ. ಓದುತ್ತಾ ಹೊಟ್ಟೆ ಉರಿಯಿತು.

ಹೆತ್ತವರ ಕೈಗೆ ಈ ಪುಸ್ತಕ ಬಂದಿದ್ದು ಸುಮ್ಮನೆ ಅಲ್ಲ. ನಮ್ಮದೇ ಜಿಲ್ಲೆಯ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಸಲಹೆ ಕೊಟ್ಟಿತು. ಅದರಂತೆ 2001ರ ಏಪ್ರಿಲ್‌ನಲ್ಲಿ ಆದೇಶ ಹೊರಟು, ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗಕ್ಕೆ ಎಸ್‌ಡಿಎಂಸಿ ಬಂತು. ಆ ಶಾಲೆಗೆ ಮಕ್ಕಳನ್ನು ಕಳಿಸುವವರೇ ಅದರ ಯೋಗಕ್ಷೇಮ ನೋಡಲಿ ಎಂಬುದು ಅದರ ಹುರುಳು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಿಕ್ಷಕರ ಹುದ್ದೆ ನೂರಕ್ಕೆ 10ಕ್ಕಿಂತ ಹೆಚ್ಚು ಖಾಲಿ ಇರುವಂತಿಲ್ಲ.

ಕಾನೂನು ಹಿಡಿದು ಕೇಳಿದರೆ ಏನಾಗುತ್ತದೆ ಎಂದು ತೋರಿಸಿದವನು ಕೊಪ್ಪಳ ಜಿಲ್ಲೆಯ ಒಬ್ಬ ತಂದೆ. ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದ ಮಗನಿಗೆ ಎರಡನೇ ಜೊತೆ ಸಮವಸ್ತ್ರ ಬರಲಿಲ್ಲ. ಒಂದೇ ಜೊತೆಯಿದ್ದರೆ ಏನು ಪಾಡು ಅಂತ ತಾಯಂದಿರನ್ನು ಕೇಳಬೇಕು. ಸಂಜೆ ಒಗೆದು ಒಲೆಯ ಮೇಲಿನ ಹಗ್ಗಕ್ಕೆ ಹರವಬೇಕು. ಆಷಾಢದ ಜಡಿಮಳೆಯಲ್ಲಿ ಮಗು ಹಸಿ ಚಡ್ಡಿಯಲ್ಲೇ ಪ್ರಾರ್ಥನೆಗೆ ನಿಲ್ಲಬೇಕು. ಆ ತಂದೆ ಮಗನ ಹೆಸರಿನಲ್ಲಿ ಹೈಕೋರ್ಟಿಗೇ ಹೋದ. 2019ರಲ್ಲಿ ತೀರ್ಪು ಬಂತು: ಎರಡು ಜೊತೆ ಸಮವಸ್ತ್ರ, ಒಂದು ಜೊತೆ ಶೂ, ಎರಡು ಜೊತೆ ಕಾಲುಚೀಲ ಕೊಡಬೇಕು. ಅವನೊಬ್ಬನಿಗಲ್ಲ, ರಾಜ್ಯದ ಸರ್ಕಾರಿ ಶಾಲೆಯ ಮಕ್ಕಳಿಗೆಲ್ಲ. ಆಮೇಲೂ ಸರ್ಕಾರ ಮೀನಮೇಷ ಎಣಿಸಿತು. ನ್ಯಾಯಾಂಗ ನಿಂದನೆ ಅರ್ಜಿ ಹಾಕಬೇಕಾಯಿತು. ಹೈಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಮಗುವಿನ ಚಡ್ಡಿ-ಅಂಗಿಗೆ ಇಷ್ಟು ವರ್ಷ ಕೋರ್ಟು ಅಲೆಸಿದ್ದು ನಾಚಿಕೆಗೇಡು.

ಎಲ್ಲರೂ ಹೈಕೋರ್ಟಿನವರೆಗೆ ಹೋಗಲಾರರು, ಹೋಗಲೂ ಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ ಪ್ರಕಾರ ಮಗುವಿನ ಹಕ್ಕಿನ ಬಗ್ಗೆ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಅದು ಸರಿಯೆನಿಸದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗುತ್ತದೆ. ನಮ್ಮೂರ ಪುಸ್ತಕದಲ್ಲಿ ಈ ಕಲಮಿನ ಹೆಸರು ಒಂದು ಪುಟದಲ್ಲೂ ಇರಲಿಲ್ಲ.

ಮುಂದಿನ ಸಭೆಗೆ ಹೋಗುವ ತಾಯಂದಿರೇ, ಸಹಿ ಹಾಕುವ ಮೊದಲು 32ನೇ ಕಲಂ ನಮೂದಿಸಿ ಅರ್ಜಿ ಬರೆಸಿ. ಸ್ಥಳೀಯ ಪ್ರಾಧಿಕಾರದ ಕಚೇರಿಗೆ ಕೊಟ್ಟು, ನಕಲಿನ ಮೇಲೆ ತಾರೀಖು ಸಮೇತ ಮೊಹರು ಹಾಕಿಸಿಕೊಳ್ಳಿ. ಆ ತಾರೀಖಿನಿಂದ ಮೂರು ತಿಂಗಳು ಎಣಿಸಿ.